ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿದವಳು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮನ ನಮಸ್ಕಾರಗಳು.

ಕಾಗದ ತಡವಾಯಿತು, ಬೈಯಬೇಡ. ಮೊನ್ನೆ ಫೋನಿನಲ್ಲಿ ಗಂಟಲು ಹರಿಯುವ ಹಾಗೆ ‘ಹೆಣ್ಣು, ಹೆಣ್ಣು’ ಎಂದು ಕೂಗಿದೆ. ನಿನಗದು ‘ಹಣ್ಣು’ ಎಂದು ಕೇಳಿಸಿತು. ‘ಹಣ್ಣು ಬೇಕಾದರೆ ತಂದುಕೊಡು, ಅದಕ್ಕೂ ನನ್ನ ಅಪ್ಪಣೆ ಬೇಕೇನೋ’ ಎಂದು ಗದರಿಸಿ ಫೋನ್ ಇಟ್ಟುಬಿಟ್ಟೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದವರೆಲ್ಲ ನಕ್ಕರು. ಆದ್ದರಿಂದ ಬರೆದೇ ತಿಳಿಸುತ್ತಿದ್ದೇನೆ. ನಮ್ಮ ಗುಬ್ಬಿಗೆ ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಕಾಲಿನ ಪ್ಲಾಸ್ಟರ್ ಬಿಚ್ಚುವ ತನಕ ನೀನು ಬರಲಾರೆ ಎಂದು ಗೊತ್ತು. ‘ಒಂದೂ ಬಿಡದೆ ಬರಿ’ ಎಂದಿದ್ದೆಯಲ್ಲ, ಬರೆಯುತ್ತೇನೆ. ಓದುವಾಗ ಕನ್ನಡಕ ಹಾಕಿಕೋ. ಅದನ್ನೂ ಕಿವಿಯ ಮಿಷನ್ನಿನ ಹಾಗೆ ಡಬ್ಬಿಯಲ್ಲಿ ಮಲಗಿಸಬೇಡ.

ಡಾಕ್ಟರಮ್ಮ ಕೊಟ್ಟ ದಿನ ಬಂತು, ಹೋಯಿತು. ಗುಬ್ಬಿ ಹೊಟ್ಟೆ ಹೊತ್ತುಕೊಂಡು ಹಾಯಾಗಿ ಇದ್ದಳು. ತಳಮಳವೆಲ್ಲ ನನ್ನದು, ಅಳಿಯನದು. ಅವನಿಗೆ ಹಡಗಿನ ಎಂಜಿನ್ ಕೋಣೆಯ ಕೆಲಸ ಎಂದು ನಿನಗೆ ಗೊತ್ತೇ ಇದೆ. ಹೆರಿಗೆಯ ಹೊತ್ತಿಗೆ ಇರಬೇಕೆಂದು ಲೆಕ್ಕ ಹಾಕಿಯೇ ರಜೆ ಹಾಕಿದ್ದ. ಆದರೆ ಒಳಗಿರುವವರು ಯಾರ ರಜೆಯನ್ನೂ ಕೇಳುವವರಲ್ಲ. ಶುಕ್ರವಾರ ಮಧ್ಯಾಹ್ನ ಹಡಗು ಹೊರಡಬೇಕು. ಅಷ್ಟರೊಳಗೆ ಮಗುವಿನ ಮುಖ ನೋಡಬೇಕೆಂಬ ಆಸೆ ಅವನಿಗೆ. ಬಿಟ್ಟುಹೋದರೆ ಮತ್ತೆ ನೋಡುವುದು ಅದು ತೆವಳುವ ಕಾಲಕ್ಕೆ.

ಹಾಗಾಗಿ ಮನೆಯಲ್ಲಿ ಶುರುವಾಯಿತು ನೋಡು, ನೋವು ಬರಿಸುವ ಕಾರ್ಯಕ್ರಮ. ನೀನೇ ಹೋದ ಸಲದ ಕಾಗದದಲ್ಲಿ ‘ಕುಕ್ಕರಗಾಲಲ್ಲಿ ಕೂತು ನೆಲ ಒರೆಸಲಿ’ ಎಂದು ಬರೆದಿದ್ದೆ. ಒರೆಸಿದಳು. ನಮ್ಮ ನೆಲ ಹುಟ್ಟಿದಾಗಿನಿಂದ ಅಷ್ಟು ಹೊಳೆದಿರಲಿಲ್ಲ, ನಾನೇ ಎರಡು ಸಲ ಜಾರಿದೆ. ಅಳಿಯ ಮಾರುಕಟ್ಟೆಯಿಂದ ಅನಾನಸ್ ತಂದ, ಖರ್ಜೂರ ತಂದ. ಕೆಳಗಿನ ಮನೆಯ ಟೈಲರಮ್ಮ ‘ಖಾರ ತಿನ್ನಿಸಿ’ ಎಂದಳು. ಗುಬ್ಬಿಗಾಗಿ ಮಾಡಿದ ಖಾರದ ಅಡುಗೆಯನ್ನು ಮನೆಮಂದಿಯೆಲ್ಲ ಉಣ್ಣಬೇಕಲ್ಲ. ಗುಬ್ಬಿಗೆ ಏನೂ ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಓಡಾಡಿದವನು ನಾನು.

ಆಮೇಲೆ ಹೆರಿಗೆ ಆಸ್ಪತ್ರೆಯ ನರ್ಸಮ್ಮನ ಹತ್ತಿರ ಹೋದೆವು. ನಡುವಯಸ್ಸಿನ ಹೆಂಗಸು, ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಮಗುವಿನ ಎದೆಬಡಿತ ಕೇಳಿ, ಹೊಟ್ಟೆಯೊಳಗಿನ ನೀರು ನೋಡಿ, ಎಲ್ಲ ಸರಿಯಾಗಿದೆ ಎಂದರು. ಇನ್ನೊಂದು ವಾರ ಕಾಯಬಹುದು, ಅಷ್ಟರಲ್ಲಿ ಬರದಿದ್ದರೆ ಡಾಕ್ಟರಮ್ಮ ಔಷಧಿ ಕೊಟ್ಟು ನೋವು ಬರಿಸುತ್ತಾರೆ, ಮಗುವಿನ ಒದೆತ ಕಡಿಮೆಯಾಯಿತು ಅನಿಸಿದರೆ ಮಾತ್ರ ಆ ಕ್ಷಣವೇ ಓಡಿ ಬನ್ನಿ ಎಂದರು. ಅಲ್ಲಿಯವರೆಗೆ ನಡೆಯಲಿ, ದೊಡ್ಡ ರಬ್ಬರ್ ಚೆಂಡಿನ ಮೇಲೆ ಕೂತು ಸೊಂಟ ತಿರುಗಿಸಲಿ, ಬಿಸಿನೀರಿನ ಸ್ನಾನ ಮಾಡಲಿ, ಖರ್ಜೂರ ತಿನ್ನಲಿ, ಮೆಟ್ಟಿಲು ಹತ್ತುವುದಾದರೆ ಕಟಕಟೆ ಹಿಡಿದು ನಿಧಾನವಾಗಿ ಹತ್ತಲಿ, ಸುಸ್ತಾದರೆ ಮಲಗಲಿ. ಆಮೇಲೆ ನನ್ನ ಕಡೆ ತಿರುಗಿ, ‘ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ, ಗಂಡ ಹೆಂಡತಿಗೆ ಹೇಳೋದಿದೆ’ ಎಂದರು. ಹೊರಗೆ ಬಂದ ಅಳಿಯನ ಕಿವಿ ಕೆಂಪಗಾಗಿತ್ತು. ನಾನು ಗೋಡೆಯ ಮೇಲಿದ್ದ ಲಸಿಕೆಯ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡುತ್ತಾ ನಿಂತೆ.

ಹೊರಡುವಾಗ ನರ್ಸಮ್ಮ ಒಂದು ಮಾತು ಹೇಳಿದರು: ‘ಇದ್ಯಾವುದೂ ಬೀಗದ ಕೈ ಅಲ್ಲ. ನೀವು ಬಾಗಿಲು ತಟ್ಟಬಹುದು, ಅಷ್ಟೇ. ತೆಗೆಯೋದು ಒಳಗಿರೋರು. ಮತ್ತೆ ಯಾರು ಏನೇ ಹೇಳಲಿ, ನಮ್ಮನ್ನ ಕೇಳದೆ ಹರಳೆಣ್ಣೆ ಮುಟ್ಟಬೇಡಿ.’

ಅಂದಿನಿಂದ ಗುಬ್ಬಿ ಮೆಟ್ಟಿಲು ಹಿಡಿದಳು. ನನ್ನ ಕೆಲಸ ನಿನಗೆ ಗೊತ್ತು. ಮೀಸೆ ಚಿಗುರಿದಾಗಿನಿಂದ ಲಿಫ್ಟು ರಿಪೇರಿ ಮಾಡಿಕೊಂಡೇ ಬಂದವನು. ಜನ ಮೆಟ್ಟಿಲು ಹತ್ತಬಾರದು ಎಂಬುದಕ್ಕೆ ನನಗೆ ಸಂಬಳ. ಆ ಸಂಬಳದಲ್ಲಿ ಬೆಳೆದವಳು, ನಾನು ಎಣ್ಣೆ ಹಾಕಿ ಬೆಣ್ಣೆಯ ಹಾಗೆ ಓಡುವಂತೆ ಮಾಡಿಟ್ಟ ಲಿಫ್ಟಿನ ಮುಂದೆಯೇ ಹಾದು, ನಡುವಿಗೆ ಕೈ ಕೊಟ್ಟುಕೊಂಡು, ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು. ಹಿಂದೆಯೇ ಅಳಿಯ, ಬಿದ್ದರೆ ಹಿಡಿಯುವವನ ಹಾಗೆ ಎರಡೂ ಕೈ ಚಾಚಿಕೊಂಡು. ಪ್ರತಿ ಮಹಡಿಯಲ್ಲೂ ಯಾರೋ ಒಬ್ಬರು ಬಾಗಿಲು ತೆರೆದು ‘ಇನ್ನೂ ಇಲ್ವಾ?’ ಎನ್ನುವುದು, ಇವಳು ‘ಬಂದ್ರೆ ನಿಮ್ಮನೇ ಬಾಗಿಲಿಗೇ ಬರ್ತೀನಿ’ ಎನ್ನುವುದು. ನಗುತ್ತಲೇ ಉತ್ತರ ಕೊಡುತ್ತಿದ್ದಳು. ನನಗಾದರೆ ಆ ಪ್ರಶ್ನೆ ಕೇಳಿ ಕೇಳಿ, ಯಾರಾದರೂ ಬಾಯಿ ತೆರೆದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು.

ಗುರುವಾರ ಬಂತು. ಮರುದಿನ ಬೆಳಿಗ್ಗೆ ಅವನು ಹೊರಡಬೇಕು. ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಾಗಿತ್ತು. ಸಂಜೆ ಟೈಲರಮ್ಮ ಸೆರಗಿನ ಮರೆಯಲ್ಲಿ ಒಂದು ಸೀಸೆ ತಂದಳು. ಹರಳೆಣ್ಣೆ. ಅವಳದೇನೂ ಕೆಟ್ಟ ಮನಸ್ಸಲ್ಲ ಅಕ್ಕ, ನಾನು ಆಣೆ ಇಟ್ಟು ಹೇಳುತ್ತೇನೆ. ತನ್ನ ಮೂರೂ ಹೆರಿಗೆಗೆ ತಾನು ಇದನ್ನೇ ಕುಡಿದದ್ದು, ರಾತ್ರಿ ಕುಡಿದರೆ ಬೆಳಗಾಗುವುದರೊಳಗೆ ಮಗು ಮಡಿಲಲ್ಲಿ, ಪಾಪ ಆ ಹುಡುಗ ಮಗುವಿನ ಮುಖವಾದರೂ ನೋಡಿಕೊಂಡು ಹೋಗಲಿ ಎಂದಳು. ಸೀಸೆಯನ್ನು ಮೇಜಿನ ಮೇಲಿಟ್ಟು, ಕುಡಿಸುವುದು ಬಿಡುವುದು ನಿಮಗೆ ಬಿಟ್ಟದ್ದು ಎಂದು ಹೋದಳು.

ಮೂವರೂ ಆ ಸೀಸೆಯ ಸುತ್ತ ಕೂತೆವು. ಅಳಿಯ ಎದ್ದು ಹೋಗಿ ಲೋಟಕ್ಕೆ ಕಿತ್ತಳೆ ರಸ ಹಿಂಡಿದ, ಅದಕ್ಕೆ ಎಣ್ಣೆ ಬಗ್ಗಿಸಿದ, ಕದಡಿದ, ತಂದು ಅವಳ ಮುಂದೆ ಇಟ್ಟ. ನಾನಾದರೂ ಬೇಡ ಎನ್ನಬೇಕಿತ್ತು. ನರ್ಸಮ್ಮ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಆದರೆ ಆ ಹುಡುಗನ ಮುಖ ನೋಡಿ, ಆಗಲಿ, ಒಂದು ಗುಟುಕಿಗೆ ಏನಾಗುತ್ತದೆ ಎಂದು ನನ್ನ ಮನಸ್ಸೂ ಜಾರಿತು. ಇಬ್ಬರು ಗಂಡಸರು, ಇಬ್ಬರೂ ಅವಳ ಬಾಯಿಯನ್ನೇ ನೋಡುತ್ತಾ ಕೂತೆವು.

ಗುಬ್ಬಿ ಲೋಟ ಎತ್ತಿದಳು. ಮೂಗಿನ ಹತ್ತಿರ ತಂದಳು. ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

‘ಇದಕ್ಕೆ ಹಡಗೂ ಗೊತ್ತಿಲ್ಲ, ಶುಕ್ರವಾರನೂ ಗೊತ್ತಿಲ್ಲ’ ಎಂದಳು. ‘ನಿನಗೋಸ್ಕರ ನಾನು ಇನ್ನೂ ನೂರು ಸಲ ಮೆಟ್ಟಿಲು ಹತ್ತೀನಿ. ಆದ್ರೆ ಇದನ್ನ ಹೆದರಿಸಿ ಹೊರಗೆ ಕರೆಯಲ್ಲ. ನೀನು ಹೋಗಿ ಬಾ. ಇದು ಬರ್ತದೆ. ನೀನೂ ಬರ್ತೀಯ. ಇಬ್ರಿಗೂ ಕಾಯೋದು ನನಗೆ ಗೊತ್ತು.’

ಅಕ್ಕ, ಆ ಮಾತನ್ನು ಅವಳು ದನಿ ಏರಿಸದೆ ಹೇಳಿದಳು. ಅಳಿಯ ತಲೆ ತಗ್ಗಿಸಿ ಅತ್ತ. ಅವಳು ಅವನ ಕೂದಲಲ್ಲಿ ಕೈಯಾಡಿಸುತ್ತಾ ಕೂತಳು. ನಾನು ಆ ಲೋಟವನ್ನು ಒಯ್ದು ಚೆಲ್ಲಿ, ತಿಕ್ಕಿ ತಿಕ್ಕಿ ತೊಳೆದೆ. ನನ್ನ ಎದೆ ಉಬ್ಬಿ, ಅಂಗಿಯ ಗುಂಡಿ ಕಿತ್ತುಬರುತ್ತದೇನೋ ಅನಿಸಿತು. ಜಡೆ ಹಾಕಲು ಬಾರದೆ ಅವಳ ತಲೆಯನ್ನು ಹುಲ್ಲಿನ ಮೆದೆಯ ಹಾಗೆ ಮಾಡಿ ಸ್ಕೂಲಿಗೆ ಕಳಿಸುತ್ತಿದ್ದೆನಲ್ಲ, ನೀನು ಬಂದು ಮೂರು ಎಳೆ ಹೆಣೆಯುವುದನ್ನು ನನಗೆ ಹಗ್ಗದ ಮೇಲೆ ಕಲಿಸಿಕೊಟ್ಟೆಯಲ್ಲ, ಆ ಹುಡುಗಿ ಇವಳೇನಾ ಎಂದು ನೋಡುತ್ತಾ ನಿಂತೆ.

ಶುಕ್ರವಾರ ಬೆಳಿಗ್ಗೆ ಅವಳೇ ಅವನನ್ನು ಬಸ್ ನಿಲ್ದಾಣದ ತನಕ ನಡೆದು ಬಿಟ್ಟುಬಂದಳು. ನಾನು ಬರುತ್ತೇನೆ ಎಂದರೆ ಬೇಡವೆಂದಳು. ಆ ದಿನ ನಮ್ಮ ಕಟ್ಟಡದ ಲಿಫ್ಟಿನ ಸರ್ವಿಸ್ ಮಾಡಬೇಕಿತ್ತು. ಕರೆಂಟ್ ತೆಗೆದು, ಲಿಫ್ಟಿನ ಗುಂಡಿಯೊಳಗೆ ಇಳಿದು, ಅಡಿಯ ಸ್ಪ್ರಿಂಗಿನ ಗ್ರೀಸ್ ಒರೆಸುತ್ತಾ ಕೂತಿದ್ದೆ. ಕೈಗೆ ಕೆಲಸ ಕೊಟ್ಟರೆ ಮನಸ್ಸು ಸುಮ್ಮನಿರುತ್ತದೆ ಎಂದು. ಗುಬ್ಬಿ ವಾಪಸು ಬಂದು ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು. ಅರ್ಧದಲ್ಲಿ ನಿಂತಿತು. ಆಮೇಲೆ ಮೇಲಿನಿಂದ ಅವಳ ದನಿ: ‘ಅಪ್ಪ, ನೀರು ಹೋಯ್ತು.’

ನಾನು ಗುಂಡಿಯೊಳಗಿನಿಂದಲೇ ‘ಇರು ಇರು, ಟ್ಯಾಂಕಿನ ಮೋಟಾರ್ ಹಾಕ್ತೀನಿ’ ಎಂದೆ.

ಮೇಲಿನಿಂದ ಮತ್ತೆ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ: ‘ಟ್ಯಾಂಕಿಂದಲ್ಲ ಅಪ್ಪ. ನಂದು.’

ಆ ಗುಂಡಿಯಿಂದ ನಾನು ಹೇಗೆ ಮೇಲೆ ಬಂದೆನೋ ದೇವರಿಗೇ ಗೊತ್ತು. ಹೋಗಿ ನೋಡಿದರೆ ಟೈಲರಮ್ಮನ ಬಾಗಿಲ ಮುಂದೆಯೇ, ಕಟಕಟೆಗೆ ಒರಗಿ ನಿಂತು ನಗುತ್ತಿದ್ದಾಳೆ. ಟೈಲರಮ್ಮ ಎಲ್ಲ ಮರೆತು, ಹೊಲಿಯುತ್ತಿದ್ದ ಬಟ್ಟೆಯನ್ನೇ ತಂದು ನೆಲ ಒರೆಸಿದಳು, ಯಾರದೋ ಹೊಸ ಅಂಗಿ. ಆಮೇಲೆ ತಾನೇ ರಸ್ತೆಗೆ ಓಡಿ ಆಟೋ ನಿಲ್ಲಿಸಿದಳು. ಅಳಿಯನಿಗೆ ಫೋನ್ ಮಾಡಿದೆ, ಬಸ್ಸು ಊರು ದಾಟಿತ್ತೋ ಏನೋ, ಸಿಗಲಿಲ್ಲ. ಹತ್ತಿಸುವಾಗ ಗುಬ್ಬಿಯ ಕೈಯಲ್ಲಿ ಬಿಸಿನೀರಿನ ರಬ್ಬರ್ ಚೀಲ ಇಟ್ಟು, ‘ನನ್ನೆಣ್ಣೆ ಬೇಡ ಅಂದ್ಯಲ್ಲ, ಇದಾದ್ರೂ ಇಟ್ಕೋ’ ಎಂದಳು. ಇಬ್ಬರೂ ನಕ್ಕರು. ಹೆಂಗಸರು ಎಂಥ ಹೊತ್ತಿನಲ್ಲೂ ನಗಬಲ್ಲರು ಎಂದು ನನಗೆ ಆಗ ತಿಳಿಯಿತು.

ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಗೆ ಒಬ್ಬರನ್ನು ಮಾತ್ರ ಬಿಡುತ್ತಾರೆ. ನರ್ಸಮ್ಮ, ಜೊತೆಗೆ ಯಾರಿರುತ್ತಾರೆ, ತಾಯಿಯೋ ಅತ್ತೆಯೋ ಎಂದು ಕೇಳಿದರು. ಬೀಗಿತ್ತಿ ಹಾಸಿಗೆ ಹಿಡಿದಿರುವುದು ನಿನಗೆ ಗೊತ್ತೇ ಇದೆ. ಟೈಲರಮ್ಮನನ್ನು ಕರೆಸಲೇ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಗುಬ್ಬಿ ‘ನಮ್ಮಪ್ಪ ಇರ್ತಾರೆ’ ಎಂದಳು. ನರ್ಸಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಮೊಣಕೈ ತನಕ ಗ್ರೀಸು. ‘ತಲೆ ಸುತ್ತಿ ಬೀಳೋರನ್ನ ಎತ್ತೋಕೆ ನಮ್ಮಲ್ಲಿ ಜನ ಇಲ್ಲ’ ಎಂದರು. ನಾನು ಬೀಳುವುದಿಲ್ಲ ಎಂದೆ. ಹೋಗಿ ಕೈ ತೊಳೆದು ಬನ್ನಿ, ಸೋಪು ಇನ್ನೊಂದು ಸಲ ಹಚ್ಚಿ ಎಂದರು.

ಮಧ್ಯಾಹ್ನದ ತನಕ ನೋವು ಚೆನ್ನಾಗಿಯೇ ಬರುತ್ತಿತ್ತು. ಆಮೇಲೆ ಏನಾಯಿತೋ, ಬಿಟ್ಟು ಬಿಟ್ಟು ಬಂದು, ಕೊನೆಗೆ ಹೆಚ್ಚುಕಡಿಮೆ ನಿಂತೇಹೋಯಿತು. ಹಡಗು ಹೊರಡುವ ಹೊತ್ತು ಅದೇ. ಅವಳು ಕಿಟಕಿಯ ಕಡೆ ನೋಡುತ್ತಾ ಮಲಗಿದ್ದಳು, ಅಲ್ಲಿಂದ ಸಮುದ್ರವೇನೂ ಕಾಣುವುದಿಲ್ಲ. ಡಾಕ್ಟರಮ್ಮ ಬಂದು, ನೀರು ಹೋಗಿ ಇಷ್ಟು ಹೊತ್ತಾಯಿತು, ಸಲೈನಿನಲ್ಲಿ ಔಷಧಿ ಕೊಡಬೇಕಾದೀತು ಎಂದರು. ಗುಬ್ಬಿ ಅವರನ್ನೇ ನೇರವಾಗಿ ಕೇಳಿದಳು: ‘ಮಗು ಚೆನ್ನಾಗಿದ್ಯಾ? ಇದ್ರೆ ನಾನು ಸ್ವಲ್ಪ ಎದ್ದು ನಡೀಲಾ? ಆಗಲ್ಲ ಅಂದ್ರೆ ನೀವು ಹೇಳಿದ ಹಾಗೇ ಮಾಡ್ತೀನಿ.’ ಡಾಕ್ಟರಮ್ಮ ಒಳ್ಳೆಯವರು. ಮತ್ತೊಮ್ಮೆ ಎದೆಬಡಿತ ಕೇಳಿ, ನಡೆಯಲಿ, ನಾನು ಆಗಾಗ ಬಂದು ನೋಡುತ್ತೇನೆ, ಮಗು ದಣಿದ ಹಾಗೆ ಕಂಡರೆ ಮಾತ್ರ ಕಾಯುವುದಿಲ್ಲ ಎಂದರು.

ಆಮೇಲೆ ನಾವು ನಡೆದೆವು. ಆಸ್ಪತ್ರೆಯ ಉದ್ದದ ಕಾರಿಡಾರು, ಒಂದು ಕಡೆ ಸಾಲು ಬಾಗಿಲು, ಇನ್ನೊಂದು ಕಡೆ ಕಿಟಕಿ. ಒಂದು ತುದಿಯಲ್ಲಿ ನೀರಿನ ಫಿಲ್ಟರು, ಇನ್ನೊಂದು ತುದಿಯಲ್ಲಿ ಮೆಟ್ಟಿಲು. ಅವಳು ನನ್ನ ಭುಜ ಹಿಡಿದು ಹೋಗುವುದು, ಬರುವುದು. ನರ್ಸಮ್ಮ ಕಲಿಸಿದ ಹಾಗೆ ಆ ಮೆಟ್ಟಿಲನ್ನು ಅಡ್ಡಡ್ಡ, ಏಡಿಯ ಹಾಗೆ ಹತ್ತಿ ಇಳಿಯುವುದು. ನೋವು ಬಂದಾಗ ಗೋಡೆಗೆ ಕೈ ಊರಿ ಬಗ್ಗುತ್ತಿದ್ದಳು. ನಾನು ಅವಳ ಬೆನ್ನಿನ ಕೆಳಗೆ ಅಂಗೈ ಒತ್ತಿ ಹಿಡಿಯಬೇಕು. ‘ಇನ್ನೂ ಗಟ್ಟಿಯಾಗಿ ಅಪ್ಪ’ ಎನ್ನುತ್ತಿದ್ದಳು. ಲಿಫ್ಟಿನ ಬಾಗಿಲನ್ನು ಬರಿಗೈಯಲ್ಲಿ ಎಳೆದು ತೆರೆಯುವ ಕೈ ಇದು, ಆ ಬಲವೆಲ್ಲ ಹಾಕಿದರೂ ಸಾಲದು ಎಂದಳು. ಎದುರಿಗೆ ಬಂದವರೆಲ್ಲ ಗೋಡೆಗೆ ಸರಿದು ದಾರಿ ಬಿಟ್ಟರು. ಒಬ್ಬ ಮುದುಕಪ್ಪ ಎದ್ದು ನಿಂತು, ‘ಹಾಗೇ ಮಗಳೇ, ಹಾಗೇ’ ಎಂದರು. ಯಾರೋ ಏನೋ, ಗುರುತು ಪರಿಚಯವಿಲ್ಲ.

ನೋವು ತಿರುಗಿ ಬಂತು. ಬಂದ ಮೇಲೆ ನಿಲ್ಲಲಿಲ್ಲ. ಮುಂದಿನದನ್ನು ನಿನಗೆ ನಾನು ಹೇಳಬೇಕೇನು, ಎರಡು ಹೆತ್ತವಳು ನೀನು. ನಾನು ಹೇಳಬಲ್ಲದ್ದು ಇಷ್ಟೇ. ಸ್ಕೂಲಿನ ಓಟದಲ್ಲಿ ಕೊನೆಯವಳಾಗಿ ಬಂದು ‘ನಾನು ನಿಲ್ಲದೆ ಓಡಿದೆ ಗೊತ್ತಾ’ ಎಂದಿದ್ದಳಲ್ಲ, ಅದೇ ಮುಖ. ಬೆವರಿನಲ್ಲಿ ತೊಯ್ದು, ಹಲ್ಲು ಕಚ್ಚಿ, ಕಣ್ಣು ಮಾತ್ರ ನಿಚ್ಚಳ. ನರ್ಸಮ್ಮ ತಳ್ಳು ಎಂದಾಗ ತಳ್ಳಿದಳು, ನಿಲ್ಲಿಸು ಎಂದಾಗ ಉಸಿರು ಬಿಟ್ಟು ನಿಲ್ಲಿಸಿದಳು. ದೀಪ ಹಚ್ಚುವ ಹೊತ್ತಿಗೆ ಮಗು ಬಂತು. ಬಂದ ತಕ್ಷಣ ಅಳಲಿಲ್ಲ. ಸುತ್ತ ಒಮ್ಮೆ ನೋಡಿ, ಯಾರ ಮನೆಗೆ ಬಂದೆ ಎಂದು ಖಾತ್ರಿ ಮಾಡಿಕೊಂಡವಳ ಹಾಗೆ, ಆಮೇಲೆ ಇಡೀ ಆಸ್ಪತ್ರೆಗೆ ಕೇಳುವಂತೆ ಅತ್ತಿತು. ನರ್ಸಮ್ಮ ಆಗ ನಕ್ಕರು. ಅವರ ನಗುವನ್ನು ನಾನು ಕಂಡದ್ದು ಅದೊಂದೇ ಸಲ. ‘ಇಂಥ ಹೆರಿಗೆ ಮಾಡಿಸಿದ ದಿನ ನನಗೂ ಮನೆಗೆ ನಡ್ಕೊಂಡೇ ಹೋಗೋಣ ಅನ್ನಿಸತ್ತೆ’ ಎಂದರು. ಆ ಮಾತನ್ನು ನಾನು ಕಂಡವರಿಗೆಲ್ಲ ಹೇಳಿದ್ದೇನೆ, ಹಾಲಿನವನಿಗೂ ಹೇಳಿದ್ದೇನೆ.

ಅಳಿಯನಿಗೆ ಹಡಗಿನ ಆಫೀಸಿನ ಮೂಲಕ ಸುದ್ದಿ ಮುಟ್ಟಿಸಿದೆವು. ಅವನ ಕ್ಯಾಪ್ಟನ್ ಮೈಕಿನಲ್ಲಿ ಇಡೀ ಹಡಗಿಗೆ ಹೇಳಿದರಂತೆ. ಮರುದಿನ ಹಡಗಿನ ಫೋನಿನಲ್ಲಿ ಅವನು ಮಾತಾಡಿದ. ಗುಬ್ಬಿ ಫೋನನ್ನು ಮಗುವಿನ ಬಾಯಿಯ ಹತ್ತಿರ ಹಿಡಿದಳು. ಅದು ಆಗ ನಿದ್ದೆಯಲ್ಲಿ ಸಣ್ಣಗೆ ಮುಲುಗಿತು ಅಷ್ಟೇ. ಅಷ್ಟಕ್ಕೇ ಅವನು ‘ಇನ್ನೊಂದು ಸಲ’ ಎಂದ. ಕೊನೆಗೆ ನನ್ನನ್ನು ಕರೆದು, ‘ಮಾವ, ಆ ಲೋಟ ಅವಳು ಕೆಳಗಿಟ್ಟಿದ್ದು ಒಳ್ಳೇದಾಯ್ತು’ ಎಂದ. ‘ಹೂಂ ಕಣಪ್ಪ, ನಾವಿಬ್ಬರೂ ಅವಳ ಮಾತು ಕೇಳಿಕೊಂಡು ಬಿದ್ದಿರೋಣ’ ಎಂದೆ.

ಇವತ್ತು ಬೆಳಿಗ್ಗೆ ಮನೆಗೆ ಕರೆತಂದೆ. ಲಿಫ್ಟು ತಯಾರಿತ್ತು. ಈ ಸಲ ಮರುಮಾತಿಲ್ಲದೆ ಹತ್ತಿದಳು. ಮೊಮ್ಮಗಳು ನನ್ನ ಕೈಯಲ್ಲಿದ್ದಳು. ಎಷ್ಟು ಲಿಫ್ಟು ಎಷ್ಟು ಮಹಡಿ ಏರಿಸಿದ್ದೇನೋ, ಇಷ್ಟು ಹಗುರದ ಭಾರವನ್ನು ಇಷ್ಟು ಹೆದರಿಕೊಂಡು ಒಯ್ದದ್ದು ಇದೇ ಮೊದಲು. ಮೂಗು ನಿನ್ನದು. ಒಪ್ಪಿಕೊಳ್ಳಲು ನನಗೆ ಕಷ್ಟವಾದರೂ ನಿಜ. ಹೆಸರು ಇನ್ನೂ ಇಟ್ಟಿಲ್ಲ. ಇಬ್ಬರೂ ಒಳಗೆ ಮಲಗಿದ್ದಾರೆ. ನಾನು ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ, ಕುಕ್ಕರಿನ ಶಿಳ್ಳೆಗೆ ಮಗು ಎಚ್ಚರಾದೀತೆಂದು ಅನ್ನವನ್ನು ಪಾತ್ರೆಯಲ್ಲೇ ಬೇಯಲು ಇಟ್ಟಿದ್ದೇನೆ.

ನಿನ್ನ ಕಾಲು ಬೇಗ ವಾಸಿಯಾಗಲಿ. ನೂರು ಕಾಲ ಬಾಳು, ನಮ್ಮನ್ನೆಲ್ಲ ಬೈದುಕೊಂಡು. ಮಗುವಿಗೆ ನಿನ್ನ ಆಶೀರ್ವಾದ ಇರಲಿ. ಭಾವನಿಗೆ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ ತಮ್ಮ,
ಈಗ ಅಜ್ಜ

ತಾ.ಕ.: ಕವರು ಅಂಟಿಸಿದ್ದೆ. ಮತ್ತೆ ಬಿಡಿಸಿದೆ. ಒಂದನ್ನು ಬರೆಯದೆ ಬಿಟ್ಟಿದ್ದೆ ಅಕ್ಕ.

ಅವಳಮ್ಮ ಜ್ವರದಲ್ಲಿ ಹೋದಾಗ ಗುಬ್ಬಿಗೆ ಇನ್ನೂ ಮಾತು ಪೂರ್ತಿ ತಿರುಗಿರಲಿಲ್ಲ. ಆಮೇಲೆ ಕಾಲು ಎಡವಲಿ, ಬಾಗಿಲ ಸಂದಿಗೆ ಬೆರಳು ಸಿಕ್ಕಲಿ, ಕೆಟ್ಟ ಕನಸು ಬೀಳಲಿ, ಅವಳ ಬಾಯಲ್ಲಿ ಬರುತ್ತಿದ್ದದ್ದು ‘ಅಪ್ಪಾ’ ಎಂದೇ. ಲೋಕವೆಲ್ಲ ನೋವಿಗೆ ‘ಅಮ್ಮಾ’ ಎಂದರೆ ನನ್ನ ಮಗಳು ‘ಅಪ್ಪಾ’ ಎನ್ನುತ್ತಾಳೆ ಎಂದು ನಾನು ಅದನ್ನು ಬಿರುದಿನ ಹಾಗೆ ಹೇಳಿಕೊಂಡು ತಿರುಗಿದವನು. ಶುಕ್ರವಾರ ಸಂಜೆ, ನೋವು ಪೂರ್ತಿ ಏರಿದಾಗ, ಅವಳು ‘ಅಮ್ಮಾ’ ಎಂದಳು. ಒಂದು ಸಲವಲ್ಲ. ಮಗು ಹೊರಗೆ ಬರುವ ತನಕ, ಪ್ರತಿ ನೋವಿಗೂ, ನನ್ನ ಕೈ ಹಿಡಿದುಕೊಂಡೇ. ಹೆರಿಗೆಯಲ್ಲಿ ಎಲ್ಲರೂ ಹಾಗೇ ಕೂಗುತ್ತಾರೆ ಎಂದು ನನಗೂ ಗೊತ್ತು.

ಎಲ್ಲ ಮುಗಿದ ಮೇಲೆ ಅವಳೇ, ‘ಬೇಜಾರಾಯ್ತಾ ಅಪ್ಪ?’ ಎಂದು ಕೇಳಿದಳು. ಇಲ್ಲ ಎಂದೆ. ಇಷ್ಟು ವರ್ಷ ಒಂದು ಸಲವೂ ಅನ್ನಲಿಲ್ಲವಲ್ಲ ಮಗಳೇ ಎಂದೆ. ಅವಳು ಮಗುವಿನ ಬೆರಳು ಬಿಡಿಸಿ ನೋಡುತ್ತಾ ಹೇಳಿದಳು: ‘ಚಿಕ್ಕವಳಿದ್ದಾಗ ಅಂತಿದ್ದೆ. ಅಂದಾಗೆಲ್ಲ ನೀನು ಎದ್ದು ಆಚೆ ಹೋಗ್ತಿದ್ದೆ. ಅದಕ್ಕೇ ಬಿಟ್ಟುಬಿಟ್ಟೆ.’

ನನಗೆ ಅದು ನೆನಪೇ ಇಲ್ಲ. ನೀನು ಆಗ ಕೆಲವು ತಿಂಗಳು ನಮ್ಮ ಜೊತೆ ಇದ್ದೆ, ನಿನಗೆ ನೆನಪಿರಬಹುದು. ಹೌದಾದರೆ ಹೌದು ಎಂದು ಬರಿ, ನನ್ನ ಮನಸ್ಸಿಗೆ ಹಿತವಾಗಲೆಂದು ಏನೇನೋ ಬರೆಯಬೇಡ.

ಈ ಸಲ ನಾನು ಹೋಗಲಿಲ್ಲ ಅಕ್ಕ. ಬಾಗಿಲು ನನ್ನ ಬೆನ್ನ ಹಿಂದೆಯೇ ಇತ್ತು, ತೆರೆದೂ ಇತ್ತು. ಅವಳು ‘ಅಮ್ಮಾ’ ಎಂದಾಗಲೆಲ್ಲ ನಾನು ‘ಇಲ್ಲೇ ಇದ್ದೀನಿ’ ಎಂದೆ.